ಊದಿದ ಮುಖಗಳಿಗೆ ಒಂದೇ ಕಾನೂನು ಬೇಡವೇ?

ಸ್ಥಳೀಯರಿಗೆ ಕಲೆ ಕಲಿಸಲೆಂದೇ ಸಮುದ್ರ ದಾಟಿ ಬಂದಿರುವ ಮಾನ್ಯ ಶಾಲಾ ತನಿಖಾಧಿಕಾರಿಗಳೇ,

ಮೊದಲು ತಮ್ಮ ಗಡ್ಡದ ಯೋಗಕ್ಷೇಮ ವಿಚಾರಿಸುವುದು ನಮ್ಮ ಕರ್ತವ್ಯ. ಉರಿ ಇಳಿದಿದೆಯೆಂದು ನಂಬಿ ವಿಷಯಕ್ಕೆ ಬರುತ್ತೇನೆ. ನನ್ನ ಸಹಪಾಠಿ ಖಿಯೆಮ್‌ನನ್ನು ತಾವು ಅಂಟುರೋಗಿ ಎಂದು ಸಾರಿ ಹನೋಯಿಯ ನಮ್ಮ ಚಿತ್ರಶಾಲೆಯಿಂದ ಹೊರಹಾಕಿದ್ದೀರಿ. ಅವನಿಗೆ ಯಾವ ರೋಗವೂ ಇಲ್ಲ. ಸಾಲದ್ದಕ್ಕೆ, ಅವನು ಬಿಟ್ಟುಹೋದ ಹಲಗೆಯನ್ನು ಸೋಮವಾರ ಕೆರೆದು ಶುದ್ಧಮಾಡಿ ಬೇರೊಬ್ಬನಿಗೆ ಕೊಡಬೇಕು, ಕೆರೆಯುವ ಕೆಲಸ ಅವನ ತರಗತಿಯವರದೇ ಎಂದು ಅಪ್ಪಣೆ ಹೊರಡಿಸಿದ್ದೀರಿ. ಮಾನ್ಯರೇ, ಅದು ಹಲಗೆಯಲ್ಲ. ಚಿತ್ರ.

ತಾವು ತನಿಖೆಗೆ ಬಂದ ಬೆಳಿಗ್ಗೆ ನೆನಪಿದೆಯೇ? ಅನ್ನಾಮಿನವರಿಗೆ, ಅಂದರೆ ನಮಗೆ, ಕೈಯಿದೆ, ಕಲ್ಪನೆಯಿಲ್ಲ ಎಂದು ಭಾಷಣ ಮಾಡಿದಿರಿ. ನಾವು ತಲೆಯಾಡಿಸಿದೆವು. ಕಲ್ಪನೆಯಿಲ್ಲದವರು ಇನ್ನೇನು ಮಾಡಿಯಾರು? ಗ್ರೀಕ್ ದೇವತೆಗಳ ಪ್ಲಾಸ್ಟರ್ ಮೂಗನ್ನು ಇದ್ದಿಲಿನಲ್ಲಿ ಬರೆದು ಬರೆದು ಕೈ ಸವೆಸಿದವರು ನಾವು. ಒಮ್ಮೆ ನಮ್ಮಮ್ಮನ ಮುಖ ಬರೆದೆ. ಮೂಗಿನ ಅಳತೆ ತಪ್ಪಿದೆ ಎಂದು ಅದರ ಮೇಲೆ ಕೆಂಪು ಗೆರೆ ಬಿತ್ತು. ತಪ್ಪು ನನ್ನದೋ ಅಮ್ಮನದೋ ಎಂದು ಇವತ್ತಿಗೂ ಯಾರೂ ತಿಳಿಸಿಲ್ಲ.

ಭಾಷಣ ಮುಗಿಸಿ ತಾವು ಖಿಯೆಮ್‌ನ ಹಲಗೆಯ ಮುಂದೆ ನಿಂತಿರಿ. ಹಲಗೆ ಪೂರ್ತಿ ಕಪ್ಪು.

"ಏನಿದು?"

"ಚಿತ್ರ, ದೊರೆ."

"ಎಲ್ಲಿದೆ?"

"ಒಳಗಿದೆ, ದೊರೆ. ಇನ್ನೂ ಉಜ್ಜಿಲ್ಲ."

ತಾವು ಹೊಟ್ಟೆ ಹಿಡಿದುಕೊಂಡು ನಕ್ಕಿರಿ. "ಹಾಗಾದ್ರೆ ನನ್ನ ಬೂಟಿನ ಒಳಗೂ ಒಂದು ಚಿತ್ರ ಇರ್ಬೇಕು!" ಎಂದು ಬೆರಳು ಚಾಚಿದಿರಿ.

"ಮುಟ್ಬೇಡಿ ದೊರೆ! ಹಸಿ ಇದೆ, ಸೋನೆ ಕಚ್ಚುತ್ತೆ!"

"ನೀನು ಹುಟ್ಟೋಕೆ ಮುಂಚಿನಿಂದ ಚಿತ್ರ ಮುಟ್ತಾ ಬಂದಿದೀನಿ ಕಣೋ."

ಮುಟ್ಟಿದಿರಿ. ಉದ್ದಕ್ಕೆ ಒಂದು ಗೆರೆ ಎಳೆದಿರಿ. ಆಮೇಲೆ ಅದೇ ಬೆರಳಿನಿಂದ ಗಂಭೀರವಾಗಿ ಗಡ್ಡ ನೀವಿಕೊಳ್ಳುತ್ತ ಖಿಯೆಮ್‌ನ ಮುಖ ನೋಡಿದಿರಿ. ಅದು ಊದಿತ್ತು, ಗುಳ್ಳೆ ಎದ್ದಿತ್ತು. ತೀರ್ಪು ಅಲ್ಲೇ ಬಂತು: ಅಂಟುರೋಗ, ಹೊರಗೆ ಕಳಿಸಿ.

ನಮ್ಮ ಮೆರುಗು ಮರದ ಸೋನೆ ಹೊಸಬರ ಮುಖವನ್ನು ತಿನ್ನುತ್ತದೆ, ಕೆಲವರನ್ನು ಹಳಬರಾದ ಮೇಲೂ ಬಿಡುವುದಿಲ್ಲ. ಒಬ್ಬರಿಂದ ಒಬ್ಬರಿಗೆ ಅಂಟುವುದಿಲ್ಲ. ಇದು ಹನೋಯಿಯ ಕೂಸಿಗೂ ಗೊತ್ತು. ಆ ಸೋನೆಯನ್ನು ಪದರದ ಮೇಲೆ ಪದರ ಬಳಿದು, ನಡುನಡುವೆ ಬೆಳ್ಳಿರೇಕು, ಮೊಟ್ಟೆಚಿಪ್ಪು ಕೂರಿಸಿ, ಎಲ್ಲವನ್ನೂ ಕಪ್ಪಿನಲ್ಲಿ ಮುಚ್ಚಿ, ಒಣಗಿದ ಮೇಲೆ ನೀರು ಹಾಕಿ ಉಜ್ಜುತ್ತೇವೆ. ಚಿತ್ರ ಮೇಲೆ ಬರುವುದು ಆಗ. ಎಲ್ಲಿ ಎಷ್ಟು ಉಜ್ಜಬೇಕೆಂಬುದು ಹೂತವನಿಗೆ ಮಾತ್ರ ಗೊತ್ತು. ಒಂದು ಕೈ ಹೆಚ್ಚಾದರೆ ಬೆಳ್ಳಿ ಹೋಯಿತು. ಖಿಯೆಮ್‌ನ ಕಪ್ಪಿನ ಕೆಳಗೆ ಅವನ ಊರಿನ ದೋಣಿಕಟ್ಟೆಯಿದೆ. ಅಲ್ಲಿ ಮೊಟ್ಟೆಚಿಪ್ಪಿನ ಬಿಳಿಯಲ್ಲಿ ಕೂತಿರುವವಳು ಕೆಂಪುನದಿಯ ನೆರೆಯಲ್ಲಿ ಕೊಚ್ಚಿಹೋದ ಅವನ ಅಕ್ಕ. ಅವಳ ಫೋಟೋ ಒಂದೂ ಇಲ್ಲ. ಈಗ ಅವನು ಚಿಕ್ಕಪ್ಪನ ಮೀನಂಗಡಿಯಲ್ಲಿ ಕೂತು, "ಕೆರೆದ್ರೆ ಕೆರೀಲಿ ಬಿಡೋ" ಅನ್ನುತ್ತಾನೆ. ಅನ್ನ ಮಾತ್ರ ಮುಟ್ಟುವುದಿಲ್ಲ.

ಇನ್ನು ತಮ್ಮ ವಿಷಯ. ತನಿಖೆಯ ಮರುದಿನದಿಂದ ತಾವು ಕಚೇರಿಗೆ ಬರಲಿಲ್ಲ. ನೆಗಡಿ ಎಂದರು. ನಮಗೆಲ್ಲ ದುಃಖವಾಯಿತು. ಆ ದುಃಖದಲ್ಲೇ ನಾನು ಡೋಂಗ್ ಸುವಾನ್ ಮಾರುಕಟ್ಟೆಯಲ್ಲಿ ಒಂದು ಬಟ್ಟಲು ಫೋ ಶ್ಯಾವಿಗೆಸಾರು ಕುಡಿಯುತ್ತ ಕೂತಿದ್ದಾಗ, ಪಕ್ಕದ ಸೊಪ್ಪಿನ ಮೂಯಿ ಅಜ್ಜಿಯ ಹತ್ತಿರ ತಮ್ಮ ಅಡುಗೆಯವರು ಬಂದರು.

"ಏನಪ್ಪಾ, ಇಷ್ಟೊಂದು ದಾರೆಹುಳಿ ಸೊಪ್ಪು? ನಿಮ್ಮನೇಲಿ ಯಾರ ಮುಖಾನ ಸೋನೆ ತಿಂತು?"

"ಮೆಲ್ಲಗೆ ಅಜ್ಜಿ. ದೊರೆಗೆ ನೆಗಡಿ."

"ನೆಗಡಿಗೆ ದಾರೆಹುಳಿ ಸೊಪ್ಪಿನ ನೀರು ಹುಯ್ಯೋದು ಯಾವ ಊರಲ್ಲೋ?"

"ಎರಡು ಕಣ್ಣೂ ಮುಚ್ಚೋಗಿದೆ ಅಜ್ಜಿ. ಗಡ್ಡದೊಳಗೆ ಕೈ ಹಾಕಿ ಕೆರ್ಕೊಂಡಿದ್ದೇ ಕೆರ್ಕೊಂಡಿದ್ದು. ಕನ್ನಡಿ ತಾ ಅಂದ್ರು. ಒಡೆದೋಯ್ತು ಅಂದೆ."

"ಪುಣ್ಯ ಬರುತ್ತೆ ನಿಂಗೆ. ತಗೋ, ಇನ್ನೊಂದು ಹಿಡಿ. ಗಡ್ಡಕ್ಕೆ ಬೇರೆ ಬೇಕಲ್ಲ."

ಮಾನ್ಯರೇ, ಇಲ್ಲಿ ನನ್ನ ಬಡ ಬುದ್ಧಿಗೆ ಒಂದು ತೊಡಕು. ಖಿಯೆಮ್‌ನ ಊತ ಅಂಟುರೋಗವಾದರೆ ತಮ್ಮದೂ ಅಂಟುರೋಗ. ತಮ್ಮದು ನೆಗಡಿಯಾದರೆ ಅವನದೂ ನೆಗಡಿ. ಒಂದೇ ಹಲಗೆಯ ಒಂದೇ ಸೋನೆ ಅನ್ನಾಮಿನ ಕೆನ್ನೆಯಲ್ಲಿ ಅಪರಾಧ, ಫ್ರೆಂಚ್ ಗಡ್ಡದಲ್ಲಿ ರಜೆ ಆಗುವುದು ಹೇಗೆ? ಈ ವಿದ್ಯೆಯನ್ನು ಪ್ಯಾರಿಸ್ಸಿನಲ್ಲಿ ಯಾವ ತರಗತಿಯಲ್ಲಿ ಹೇಳಿಕೊಡುತ್ತಾರೆ? ಮರ ಮಾತ್ರ ಇನ್ನೂ ಇದನ್ನು ಕಲಿತಿಲ್ಲ. ಅದು ಯಾರ ಮುಖವನ್ನಾದರೂ ಒಂದೇ ನಿಷ್ಠೆಯಿಂದ ತಿನ್ನುತ್ತದೆ.

ಹಲಗೆಯ ಮೇಲೆ ತಮ್ಮ ಬೆರಳಿನ ಗೆರೆ ಹಾಗೆಯೇ ಒಣಗಿ ಉಳಿದಿದೆ. ಇಷ್ಟು ವರ್ಷಗಳಲ್ಲಿ ನಮ್ಮ ಕಲೆಗೆ ತಮ್ಮಿಂದ ಸಂದ ಕಾಣಿಕೆ ಅದೊಂದೇ ಆದ್ದರಿಂದ ಅಳಿಸಲು ನಮಗೂ ಸಂಕಟ. ಆದರೆ ಖಿಯೆಮ್ ಕೈ ಹಚ್ಚಿದ ದಿನ ಮೊದಲು ಹೋಗುವುದು ಅದೇ.

ಆದ್ದರಿಂದ ನಮ್ಮ ಬೇಡಿಕೆ ಇಷ್ಟೇ. ಸೋಮವಾರ ಬೆಳಿಗ್ಗೆ ಖಿಯೆಮ್ ತನ್ನ ಹಲಗೆಯ ಮುಂದೆ ಕೂತಿರಬೇಕು. ಇಲ್ಲವೇ ತಾವು ತಮ್ಮದೇ ಆದೇಶಕ್ಕೆ ತಲೆಬಾಗಿ ಮುಂದಿನ ಹಡಗು ಹತ್ತಬೇಕು. ಎರಡೂ ಆಗದಿದ್ದರೆ? ನಿನ್ನೆ ಸಂಜೆ ನಮ್ಮ ಇಡೀ ತರಗತಿ ಆ ಸೋನೆಯ ಮಡಕೆಯ ಸುತ್ತ ಕೂತು, ದೇವರಿಗೆ ಊದುಬತ್ತಿ ಹಚ್ಚುವ ಭಕ್ತಿಯಿಂದ ಎರಡೂ ಕೆನ್ನೆಗೆ ಹಚ್ಚಿಕೊಂಡಿದೆ. ಸೋಮವಾರದ ಹೊತ್ತಿಗೆ ನಾವೆಲ್ಲರೂ ಅಂಟುರೋಗಿಗಳು, ತಮ್ಮ ಆದೇಶದಂತೆ ಶಾಲೆಯ ಬಾಗಿಲು ದಾಟಲು ಅನರ್ಹರು. ಆಗ ಹಲಗೆಯನ್ನು ತಾವೇ ಕೆರೆಯಬೇಕಾದೀತು, ಬರಿಗೈಯಲ್ಲಿ.

ಇಂತಿ,
ಇಷ್ಟು ಬರೆಯುವಷ್ಟರಲ್ಲಿ ಬಲಗಣ್ಣು ಅರ್ಧ ಮುಚ್ಚಿಹೋದ,
ಎರಡನೆಯ ವರ್ಷದ ಒಬ್ಬ ವಿದ್ಯಾರ್ಥಿ