ಬಣ್ಣದ ಕೆಳಗಿನ ನಂಬರು

ಮಾರ್ಚ್ ೯, ಭಾನುವಾರ
ಬೆಳಿಗ್ಗೆ ಹತ್ತು ಗಂಟೆ

ಪ್ರೀತಿಯ ಗಿಣಿ,

ನೀನು, ಫಿಟ್ಟರಣ್ಣ, ಮಗಳು ಎಲ್ಲರೂ ಸೌಖ್ಯವಾಗಿದ್ದೀರಿ ಎಂದು ನಂಬಿದ್ದೇನೆ. ನಿನ್ನ ಕಾಗದ ಬಂದು ಹತ್ತು ತಿಂಗಳಾಯಿತು. ಬೈಯುವುದಿದ್ದರೆ ಬೈದುಬಿಡು, ನಿನ್ನ ಬಾಯಿಗೆ ನಾನೇನು ಹೊಸಬಳಲ್ಲ. ಫಿಟ್ಟರಣ್ಣನ ಮೊಣಕಾಲಿನ ಆಪರೇಷನ್ ಆಗಿದೆ, ಕೋಲು ಹಿಡಿದು ನಡೆಯುತ್ತಾರೆ, ಆದರೂ ಪಂಪು ರಿಪೇರಿಗೆ ಕರೆದರೆ ಹೊರಟುಬಿಡುತ್ತಾರೆ ಎಂದು ನೀನು ಬರೆದಿದ್ದೆ. ಉತ್ತರ ಬರೆಯಲು ಎಷ್ಟು ಸಲ ಕೂತೆನೋ ಲೆಕ್ಕವಿಲ್ಲ. ‘ಪ್ರೀತಿಯ ಗಿಣಿ’ ಎಂದು ಬರೆಯುತ್ತಿದ್ದೆ, ಮುಂದಕ್ಕೆ ಹೋಗುತ್ತಿರಲಿಲ್ಲ. ಇವತ್ತು ಹೋಗಲೇಬೇಕು. ಈ ಕಾಗದವನ್ನು ಕೂತುಕೊಂಡು ಓದು. ಒಲೆಯ ಮೇಲೆ ಏನಾದರೂ ಇದ್ದರೆ ಮೊದಲು ಇಳಿಸಿ ಬಾ.

ಸುದ್ದಿಯಿಂದ ಶುರು ಮಾಡುತ್ತೇನೆ. ನನ್ನ ತಮ್ಮ, ಅದೇ ಗಡಿಯಾರ ರಿಪೇರಿಯವನು, ಐವತ್ತೆಂಟನೇ ವಯಸ್ಸಿನಲ್ಲಿ ಕಾರು ಕೊಂಡಿದ್ದಾನೆ. ಅವನಿಗಿಂತಲೂ ಹಿರಿಯ ಕಾರು! ದುಂಡು ಮೂತಿ, ಊದಿದ ಕೆನ್ನೆ, ಬಾಗಿಲು ಹಾಕಿದರೆ ಕಬ್ಬಿಣದ ಬೀರು ಮುಚ್ಚಿದಂಥ ಸದ್ದು. ತೀರಿಕೊಂಡ ಡಾಕ್ಟರೊಬ್ಬರದು. ಅವರ ಮಗಳು, ಹಲ್ಲಿನ ಡಾಕ್ಟರು, ಮಾರಿದ್ದು. ಇಷ್ಟು ದಿನ ಬೇರೆಯವರ ಮುಳ್ಳು ತಿರುಗಿಸಿದ್ದು ಸಾಕು, ಇನ್ನು ಚಕ್ರ ತಿರುಗಿಸುತ್ತೇನೆ ಎಂದು ಬೀದಿಗೆಲ್ಲ ಹೇಳಿಕೊಂಡು ಓಡಾಡಿದ.

ಕಾರನ್ನು ತನ್ನ ಹೆಸರಿಗೆ ಮಾಡಿಸಿಕೊಳ್ಳಲು ಸಾರಿಗೆ ಕಚೇರಿಗೆ ಹೋದಾಗ ಅವನ ನಗು ಇಳಿಯಿತು. ಅಲ್ಲಿಯ ಇನ್‌ಸ್ಪೆಕ್ಟರು ಬಾನೆಟ್ ಎತ್ತಿಸಿ, ಕಾಗದ ನೋಡಿ, ಎಂಜಿನ್ ನೋಡಿ, ಮತ್ತೆ ಕಾಗದ ನೋಡಿದರಂತೆ.

“ಇದು ಈ ಕಾರಿನ ಎಂಜಿನ್ ಅಲ್ಲ ರೀ. ಯಾವುದು, ಎಲ್ಲಿಂದ ಬಂತು, ಹದಿನೈದು ದಿನದಲ್ಲಿ ಬರೆದು ತನ್ನಿ. ಇಲ್ಲಾಂದ್ರೆ ಗಾಡಿ ಇಲ್ಲೇ ನಿಲ್ಲುತ್ತೆ.”

ತಮ್ಮ ಸೀದಾ ನನ್ನ ಮನೆಗೆ ಬಂದ. “ಅಕ್ಕ, ಮೂವತ್ತು ವರ್ಷ ಡೇರಿ ಸ್ಟೋರ್ಸಲ್ಲಿ ಕೂತು ಎಂಜಿನ್ ನಂಬರ್ ಬರ್ದವಳು ನೀನು. ಬಾ, ಇದು ಯಾವ ಸಂತಾನ ಅಂತ ಹೇಳು.” ನಾನು ಖುಷಿಯಿಂದಲೇ ಹೊರಟೆ ಗಿಣಿ. ನಿವೃತ್ತಿಯಾದ ಮೇಲೆ ನನ್ನನ್ನು ಯಾರೂ ಏನೂ ಕೇಳಿರಲಿಲ್ಲ.

ಅವನ ಅಂಗಡಿಯ ಹಿಂದಿನ ಶೆಡ್ಡಿನಲ್ಲಿ ಕಾರು ನಿಂತಿತ್ತು. ಎಂಜಿನ್ನಿನ ಪಕ್ಕಕ್ಕೆ ಒಂದು ಹಿತ್ತಾಳೆ ಪಟ್ಟಿ, ಅದರ ಮೇಲೆ ಕಾಗದದಲ್ಲಿದ್ದ ನಂಬರೇ ಕೆತ್ತಿತ್ತು. ಆದರೆ ಪಟ್ಟಿ ಹಿಡಿದಿದ್ದ ಎರಡು ಸ್ಕ್ರೂಗಳು ಒಂದಕ್ಕೊಂದು ಜೋಡಿಯಲ್ಲ. ಹಳೆಯ ಎಂಜಿನ್ನಿನಿಂದ ಕಿತ್ತು ಇದಕ್ಕೆ ಹಚ್ಚಿದ್ದರು. ನಾನು ಬಗ್ಗಿ ನೋಡಿದೆ. ಪ್ಲಗ್ಗುಗಳಿಗೆ ಕಿಡಿ ಹಂಚುವ ಡಿಸ್ಟ್ರಿಬ್ಯೂಟರ್ ಎಡಕ್ಕಿತ್ತು, ಪ್ಲಗ್ಗುಗಳು ಓರೆಯಾಗಿ ಕೂತಿದ್ದವು, ನೀರಿನ ಪಂಪಿನ ಮೂತಿ ಕೆಳಗಿತ್ತು. ಕಾರಿನದಲ್ಲ, ವ್ಯಾನಿನ ಎಂಜಿನ್. ನಮ್ಮ ಡೇರಿ ವರ್ಕ್‌ಶಾಪಿನಲ್ಲಿ ಹಾಲಿನ ವ್ಯಾನುಗಳಿಗೆ ಕೂರಿಸುತ್ತಿದ್ದೆವಲ್ಲ, ಆ ಜಾತಿಯದು. ಅಲ್ಲಿಯವರೆಗೂ ನನಗೆ ಏನೂ ಅನ್ನಿಸಲಿಲ್ಲ. ಅಂಥವು ಊರಲ್ಲಿ ನೂರಿದ್ದವು.

“ನಿಜವಾದ ನಂಬರು ಪಟ್ಟಿಯಲ್ಲಿ ಇರಲ್ಲ ಕಣೋ,” ಎಂದೆ. “ಡಿಸ್ಟ್ರಿಬ್ಯೂಟರ್ ಕೆಳಗೆ, ಎಂಜಿನ್ ಮೈಮೇಲೇ ಚಪ್ಪಟೆ ಜಾಗ ಇರುತ್ತೆ. ಅಲ್ಲಿ ಕೊರ್ದಿರ್ತಾರೆ.”

ಚಪ್ಪಟೆ ಜಾಗವೇನೋ ಇತ್ತು. ಅದರ ಮೇಲೆ ಕಪ್ಪು ಬಣ್ಣ ರೊಟ್ಟಿಯಷ್ಟು ದಪ್ಪ ಕೂತಿತ್ತು. ತಮ್ಮ ಸೀಮೆಎಣ್ಣೆ, ಹಳೆಯ ಹಲ್ಲುಜ್ಜುವ ಬ್ರಷ್ಷು, ಗಡಿಯಾರ ನೋಡುವ ಕಣ್ಣುಗಾಜು ತಂದ. ನಾನು ಉಜ್ಜುವುದು, ಅವನು ಒರೆಸಿ ನೋಡಿ ಓದುವುದು.

“ನಾಲ್ಕು,” ಎಂದ. ಸ್ವಲ್ಪ ಹೊತ್ತು ಉಜ್ಜಿದ ಮೇಲೆ “ಒಂದು.” ಆಮೇಲೆ “ಏಳು.”

ಗಿಣಿ, ನನ್ನ ಕೈ ಅಲ್ಲೇ ನಿಂತಿತು. ಉಳಿದ ಮೂರು ಅಂಕಿ ಬಣ್ಣದ ಕೆಳಗೇ ಇದ್ದವು, ಆದರೆ ನನ್ನ ನಾಲಿಗೆಗೆ ಬಂದಾಗಿತ್ತು. ಸೊನ್ನೆ, ಮೂರು, ಒಂಬತ್ತು. ಇಪ್ಪತ್ತಾರು ವರ್ಷಗಳಲ್ಲಿ ನಾನು ಮರೆಯದ ನಂಬರು ಅದೊಂದೇ.

“ಯಾಕಕ್ಕಾ ಹಿಂಗೆ ಬೆವರ್ತಾ ಇದೀಯ? ಫ್ಯಾನ್ ಹಾಕ್ಲಾ?”

“ನೀನು ಉಜ್ಜು. ಪೂರ್ತಿ ಉಜ್ಜು,” ಎಂದೆ. ನನ್ನ ಊಹೆ ಸುಳ್ಳಾಗಲಿ ಎಂದು ಅಷ್ಟು ಬೇಡಿಕೊಂಡದ್ದು ನನ್ನ ಜನ್ಮದಲ್ಲಿ ಇಲ್ಲ. ಅವನು ಉಜ್ಜಿದ. ಸೊನ್ನೆ ಬಂತು. ಮೂರು ಬಂತು. ಕೊನೆಯದು ಅರ್ಧ ಕಂಡಾಗ “ಆರೋ, ಎಂಟೋ” ಎಂದ. ನನಗೆ ಜೀವ ಬಂದ ಹಾಗಾಯಿತು. ಕಣ್ಣುಗಾಜು ಹಾಕಿಕೊಂಡು ಇನ್ನೊಮ್ಮೆ ನೋಡಿ, “ಇಲ್ಲ, ಒಂಬತ್ತು,” ಎಂದ. ನಂಬರಿನ ಪಕ್ಕದಲ್ಲಿ ನಮ್ಮ ವರ್ಕ್‌ಶಾಪಿನ ತ್ರಿಕೋನ ಮುದ್ರೆ. ತ್ರಿಕೋನದೊಳಗೆ ಎರಡು ಚುಕ್ಕಿ. ಎಂಜಿನ್ ಬಿಚ್ಚಿ ಕಟ್ಟಿದ ಫಿಟ್ಟರು ತನ್ನ ಗುರುತು ಹೊಡೆಯಬೇಕಿತ್ತು. ಎರಡು ಚುಕ್ಕಿ ಯಾರದು ಎಂದು ನಿನಗೆ ಹೇಳಬೇಕಾಗಿಲ್ಲ.

ಹೌದು ಗಿಣಿ, ಅದೇ ಎಂಜಿನ್. ಕದ್ದರು ಎಂದು ನಿನ್ನ ಗಂಡನನ್ನು ಕೆಲಸದಿಂದ ತೆಗೆದರಲ್ಲ, ಅದು. ಶನಿವಾರ ಸಂಜೆ ಬಾಗಿಲು ಹಾಕುವಾಗ ಸ್ಟೋರ್ಸಿನ ಹಿಂದಿನ ಕೋಣೆಯಲ್ಲಿತ್ತು, ಸೋಮವಾರ ಬೆಳಿಗ್ಗೆ ಇರಲಿಲ್ಲ, ಭಾನುವಾರ ಡ್ಯೂಟಿಯಲ್ಲಿ ಬೀಗದ ಕೈ ಇದ್ದದ್ದು ಅವರ ಹತ್ತಿರ ಮಾತ್ರ. ಆರೋಪ ಇದ್ದದ್ದು ಇಷ್ಟೇ. ಗ್ರೀಸ್ ಡಬ್ಬಿಗೆ ಅಂತ ಮುಂದಿನ ಕೋಣೆ ತೆಗೆದೆ, ಹಿಂದಕ್ಕೆ ಹೋಗಲೇ ಇಲ್ಲ ಎಂದು ಅವರು ಹೇಳಿದ್ದನ್ನು ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಮೂರು ವಾರ ಕೂತು ಅವರೇ ಕಟ್ಟಿದ ಎಂಜಿನ್, ಒಂದು ತೊಟ್ಟು ಎಣ್ಣೆ ಸೋರದೆ ಇಷ್ಟು ವರ್ಷ ಓಡಿದೆ. ಅದನ್ನೂ ಅವರಿಗೆ ಹೇಳು.

ತಮ್ಮನಿಗೆ ವಿಷಯ ಹೇಳಿದೆ. ಅವನು ಬ್ರಷ್ಷು ಕೆಳಗಿಟ್ಟ. ಮರುದಿನ ಇಬ್ಬರೂ ಹಲ್ಲಿನ ಡಾಕ್ಟರ ಮನೆಗೆ ಹೋದೆವು. ಎಂಜಿನ್ ಬದಲಾಯಿಸಿದ್ದು ಯಾವಾಗ ಎಂದು ಕೇಳಿದ್ದಕ್ಕೆ ಆಕೆ ನಗುತ್ತಲೇ ಒಂದು ದಪ್ಪ ಪುಸ್ತಕ ತಂದಿಟ್ಟರು. ಅವರಪ್ಪ ಕಾರಿಗೆಂದೇ ಡೈರಿ ಇಟ್ಟಿದ್ದರಂತೆ. “ನನ್ನ ಜ್ವರ ಬರ್ದಿಡ್ತಿರ್ಲಿಲ್ಲ, ಕಾರಿಗೆ ಕೆಮ್ಮು ಬಂದ್ರೆ ಬರೀತಿದ್ರು.” ನಾನು ಆ ವರ್ಷದ ಸೆಪ್ಟೆಂಬರಿಗೆ ಹಾಳೆ ತಿರುಗಿಸಿದೆ. ದುಂಡಗಿನ ಅಕ್ಷರದಲ್ಲಿ ಹೀಗಿತ್ತು: ‘೧೨, ಶನಿವಾರ. ಮಧ್ಯಾಹ್ನ ನಾಲ್ಕಕ್ಕೆ ಡೇರಿಯ ಫೋರ್‌ಮನ್ ವ್ಯಾನಿನಲ್ಲಿ ಬೇರೆ ಎಂಜಿನ್ ತಂದು ಇಳಿಸಿದ. ಡೇರಿಗೆ ಬೇಡವಾದದ್ದಂತೆ. ನಾಳೆ ಬಂದು ಕೂರಿಸುತ್ತಾನೆ.’

ಶನಿವಾರ, ನಾಲ್ಕು ಗಂಟೆ. ಭಾನುವಾರ ಅಣ್ಣನ ಕೈಗೆ ಬೀಗದ ಕೈ ಬರುವ ಹೊತ್ತಿಗೆ ಕೋಣೆ ಖಾಲಿಯಾಗಿತ್ತು.

ಆ ಫೋರ್‌ಮನ್ ಸತ್ತು ಆರು ವರ್ಷವಾಗಿದೆ. ಅವನನ್ನು ಹಿಡಿದು ಕೇಳುವಂತಿಲ್ಲ. ಹಲ್ಲಿನ ಡಾಕ್ಟರಿಗೆ ಕಳುವಿನ ಕಥೆ ಹೇಳಿದಾಗ ಆ ಸಾಲನ್ನು ಮತ್ತೊಮ್ಮೆ ಓದಿದರು. “ನಮ್ಮಪ್ಪ ಕದ್ದ ಮಾಲು ತಗೊಳ್ಳೋ ಮನುಷ್ಯ ಅಲ್ಲಮ್ಮ,” ಎಂದರು. “ಗೊತ್ತಿದ್ರೆ ಅವರು ಹೀಗೆ ಬರ್ದಿಡ್ತಿರ್ಲಿಲ್ಲ,” ಎಂದೆ. ಆಕೆ ಪುಸ್ತಕವನ್ನು ನನ್ನ ಕೈಗೇ ಕೊಟ್ಟರು.

ಇನ್ನು ಮುಂದಿನದನ್ನು ಬರೆಯಲು ನಾಚಿಕೆಯಾಗುತ್ತದೆ. ಆ ಪುಸ್ತಕ ತಂದು ಬೀರುವಿನಲ್ಲಿ ಬಟ್ಟೆಗಳ ಕೆಳಗೆ ಇಟ್ಟೆ. ಹನ್ನೊಂದು ದಿನ ಇಟ್ಟೆ. ಯಾಕೆ ಎಂದು ಈಗಲೇ ಕೇಳಬೇಡ. ದಿನಾ ಬೆಳಿಗ್ಗೆ ಬೀರು ತೆಗೆದು, ಇದೆಯೋ ಇಲ್ಲವೋ ಎಂದು ಮುಟ್ಟಿ ನೋಡುತ್ತಿದ್ದೆ. ಒಂದು ದಿನ ನೀರು ಕಾಯಿಸುವ ಒಲೆಯವರೆಗೂ ಒಯ್ದಿದ್ದೆ. ಉರಿ ಹತ್ತಿತ್ತು, ಹಾಳೆ ಬೆರಳಲ್ಲಿತ್ತು. ಹಾಲಿನವನು ಬಾಗಿಲು ಬಡಿದ, ಬೆಚ್ಚಿ ಹಿಂದಕ್ಕೆ ತಂದೆ. ಅವನು ಬಡಿಯದಿದ್ದರೆ ಏನು ಮಾಡುತ್ತಿದ್ದೆನೋ ನನಗೆ ಗೊತ್ತಿಲ್ಲ.

ಹದಿಮೂರನೆಯ ದಿನ ತಮ್ಮ ಬಂದ. “ನಾಡಿದ್ದು ಇನ್‌ಸ್ಪೆಕ್ಟರಿಗೆ ತೋರಿಸ್ಬೇಕು. ಪುಸ್ತಕ ಕೊಡು.”

“ಎಲ್ಲಿಟ್ಟೆ ಅಂತ ನೆನಪಾಗ್ತಿಲ್ಲ ಕಣೋ.”

ಅವನು ಕುರ್ಚಿ ಎಳೆದುಕೊಂಡು ಎದುರಿಗೆ ಕೂತ. “ಅಕ್ಕ, ಕೆಟ್ಟ ಗಡಿಯಾರ ನಂಗೆ ಸದ್ದಲ್ಲೇ ಗೊತ್ತಾಗುತ್ತೆ. ನನ್ನ ಕಾರು ಹಾಳಾಗಿ ಹೋಗ್ಲಿ. ಏನಾಯ್ತು ಹೇಳು.”

ಹೇಳಿದೆ. ಇಪ್ಪತ್ತಾರು ವರ್ಷದಲ್ಲಿ ಮೊದಲ ಸಲ ಒಬ್ಬರ ಮುಂದೆ ಹೇಳಿದೆ. ಅವನು ಬೈಯಲಿಲ್ಲ. ಸಮಾಧಾನವನ್ನೂ ಮಾಡಲಿಲ್ಲ. ಎದ್ದು ನನ್ನ ಚಪ್ಪಲಿ ತಂದು ಬಾಗಿಲ ಮುಂದೆ ಇಟ್ಟ, ಅಷ್ಟೇ.

ಡೇರಿಯಲ್ಲಿ ಈಗಿನ ಮ್ಯಾನೇಜರು ಹೆಂಗಸು, ನಿನ್ನ ಮಗಳ ವಯಸ್ಸಿರಬಹುದು. ಹಳೆಯ ಫೈಲು ಹುಡುಕಿಸಲು ಎರಡು ಗಂಟೆ ಹಿಡಿಯಿತು. ಮೊದಲು ಡೈರಿಯ ಹಾಳೆ ಓದಿದಳು. ಆಮೇಲೆ ಎಂಜಿನ್ನಿನ ಮೈಗೆ ಕಾಗದ ಒತ್ತಿ ಪೆನ್ಸಿಲಿನಿಂದ ನಾವು ತೆಗೆದಿದ್ದ ನಂಬರಿನ ಅಚ್ಚನ್ನು ಫೈಲಿನ ನಂಬರಿನ ಪಕ್ಕದಲ್ಲಿಟ್ಟು ಒಂದೊಂದೇ ಅಂಕಿ ಬೆರಳಲ್ಲಿ ಮುಟ್ಟಿದಳು. ನಂತರ ಫೈಲಿನ ಇನ್ನೊಂದು ಹಾಳೆ ತೆಗೆದು, ಓದಿ, ತಲೆಯೆತ್ತಿ ನನ್ನನ್ನು ನೋಡಿದಳು.

“ಇದೂ ನೀವೇನಾ?”

“ನಾನೇ,” ಎಂದೆ.

“ನೀವು ಇದನ್ನ ಬರ್ದು ಕೊಡ್ಬೇಕಾಗುತ್ತೆ. ಕೊಟ್ರೆ ನಿಮಗೇನಾಗುತ್ತೋ ನಾನು ಹೇಳೋಕಾಗಲ್ಲ.”

ಅಲ್ಲೇ ಕೂತು ಬರೆದು ಕೊಟ್ಟೆ. ಸಹಿ ಹಾಕುವ ಮುಂಚೆ ಮೂರು ಸಲ ಓದಿದೆ.

ಅದರ ಫಲ ಈ ಲಕೋಟೆಯಲ್ಲೇ ಇದೆ. ವಜಾ ಮಾಡಿದ ಆದೇಶವನ್ನು ರದ್ದು ಮಾಡಿದ್ದಾರೆ. ಅಣ್ಣ ಕಳ್ಳತನ ಮಾಡಿಲ್ಲ ಎಂದು ಡೇರಿಯ ಮುದ್ರೆ ಹಾಕಿ ಬರೆದುಕೊಟ್ಟಿದ್ದಾರೆ. ವರ್ಕ್‌ಶಾಪಿನ ಬೋರ್ಡಿಗೂ ಹಚ್ಚಿದ್ದಾರೆ, ನಾನೇ ಹೋಗಿ ನೋಡಿ ಬಂದೆ. ನಮ್ಮ ಕಾಲದಲ್ಲಿ ತಗಡಿನ ಕೆಲಸ ಮಾಡುತ್ತಿದ್ದ ಟಿನ್‌ಸ್ಮಿತ್ ತಾತನೂ ನೋಡಲು ಬಂದಿದ್ದರು, ಕನ್ನಡಕ ತರಿಸಿಕೊಂಡು ಜೋರಾಗಿ ಓದಿ, “ನಾನು ಅವತ್ತೇ ಹೇಳ್ಲಿಲ್ವಾ!” ಎಂದರು. ಅವತ್ತು ಅವರು ಏನೂ ಹೇಳಿರಲಿಲ್ಲ. ಯಾರೂ ಹೇಳಿರಲಿಲ್ಲ.

ಎಂಜಿನ್ ಈಗ ಡೇರಿಗೆ ವಾಪಸ್ ಹೋಗಿದೆ. ತಮ್ಮನ ಕಾರು ಬಾಯಿ ತೆರೆದುಕೊಂಡು ಶೆಡ್ಡಿನಲ್ಲಿ ನಿಂತಿದೆ. ಬೇರೆ ಎಂಜಿನ್ ಸಿಗುವವರೆಗೆ ಒಳಗೆ ಕೂತು ಪೇಪರ್ ಓದುತ್ತಾನೆ. “ಇಷ್ಟು ಕಡಿಮೆ ಪೆಟ್ರೋಲ್ ಕುಡಿಯೋ ಕಾರು ಊರಲ್ಲೇ ಇಲ್ಲ,” ಎನ್ನುತ್ತಾನೆ.

ಮಗಳಿಗೆ ನನ್ನ ಆಶೀರ್ವಾದ. ಅವಳಿಗೆ ಅಪ್ಪನ ಕಥೆ ಇಷ್ಟು ದಿನ ಏನು ಹೇಳಿದ್ದೀರೋ ತಿಳಿಯದು, ಇನ್ನು ಮೇಲೆ ಮುದ್ರೆ ಹಾಕಿದ ಕಾಗದವನ್ನೇ ಕೈಗೆ ಕೊಡಿ. ಅಣ್ಣನ ಕಾಲು ಬೇಗ ಗಟ್ಟಿಯಾಗಲಿ. ನಿಮ್ಮ ಮನೆಯಲ್ಲಿ ನಗು ತುಂಬಿರಲಿ. ನೀನು ಮೊದಲಿನಂತೆಯೇ ಯಾರ ಮಾತಿಗೂ ನಿಲ್ಲದ ಗಿಣಿಯಾಗಿರು.

ನಿನ್ನ
ನಂಬರಕ್ಕ

ಮರೆತ ಮಾತು: ಮರೆತದ್ದಲ್ಲ ಗಿಣಿ, ಮೇಲೆ ಬರೆಯಲು ಕೈ ಬರಲಿಲ್ಲ.

ಎಂಜಿನ್ ಶನಿವಾರ ಸಂಜೆ ಇತ್ತು ಎಂದು ಹೇಳಿದವರು ಯಾರು ಎಂದು ನೀನು ಎಂದೂ ಕೇಳಲಿಲ್ಲ. ನಾನು. ಸ್ಟೋರ್ಸ್ ರಿಜಿಸ್ಟರಿನಲ್ಲಿ ‘ಸಂಜೆ ಐದೂವರೆ, ಎಂಜಿನ್ ೪೧೭೦೩೯, ಕಣ್ಣಾರೆ ನೋಡಿದೆ’ ಎಂದು ನನ್ನ ಸಹಿ ಇದೆ. ಆ ಶನಿವಾರ ಐದೂವರೆಗೆ ನಾನು ಎಲ್ಲಿದ್ದೆ? ನಿನ್ನ ಪಕ್ಕದಲ್ಲಿ, ಮ್ಯಾಟಿನಿ ಸಿನಿಮಾದಲ್ಲಿ. ನೀನು ಅಣ್ಣನಿಗೆ ದರ್ಜಿಯ ಅಂಗಡಿಗೆ ಹೋಗುತ್ತೇನೆ ಎಂದು ಹೇಳಿ ಬಂದಿದ್ದೆ. ನಾನು ಎರಡು ಗಂಟೆಗೇ ಸಂಜೆಯ ಸಾಲಿಗೆಲ್ಲ ಸಹಿ ಹಾಕಿ, ಬೀಗದ ಕೈ ಫೋರ್‌ಮನ್ನಿಗೆ ಕೊಟ್ಟು ಬಂದಿದ್ದೆ. “ಹೋಗ್ಬನ್ನಿ ಅಕ್ಕ, ನಾನಿದೀನಲ್ಲ,” ಎಂದಿದ್ದ.

ವಿಚಾರಣೆಯ ದಿನ ಹೇಳಬೇಕೆಂದೇ ಹೋಗಿದ್ದೆ, ಇದನ್ನಾದರೂ ನಂಬು. ಬಾಯಿ ತೆರೆಯುವಷ್ಟರಲ್ಲಿ ದೊಡ್ಡ ಸಾಹೇಬರು ಅಣ್ಣನನ್ನು ಕೇಳಿದರು, “ಶನಿವಾರ ಎಂಜಿನ್ ಇರ್ಲೇ ಇಲ್ಲ ಅಂತೀಯೇನಯ್ಯಾ? ರಿಜಿಸ್ಟರ್ ಸುಳ್ಳಾ?” ನಿನ್ನ ಗಂಡ ನನ್ನ ಕಡೆ ತಿರುಗಿ ನೋಡಿದರು. “ಇಲ್ಲ ಸಾರ್,” ಎಂದರು. “ನಂಬರಕ್ಕ ನೋಡ್ದೆ ಸಹಿ ಹಾಕೋರಲ್ಲ. ಅವರು ಬರ್ದಿದಾರೆ ಅಂದ್ರೆ ಇದ್ದಿರ್ಲೇಬೇಕು.”

ನಾನು ತಲೆ ತಗ್ಗಿಸಿ ಕೂತೆ.