ಆಯಿ ಕೇಳಿದರೂ ಹೇಳಬಾರದು

ಡಿಸೆಂಬರ್ ೨೮, ಶುಕ್ರವಾರ

ಎಮ್ಮೆ ಇವತ್ತೂ ಹಾಲು ಕಡಿಮೆ ಕೊಟ್ಟಿತು. ಇವರು ಕರೆಯುವಾಗ ಸುಮ್ಮನೆ ನಿಲ್ಲುತ್ತಿತ್ತು. ನನಗೆ ಒದೆಯುತ್ತದೆ. ಅದಕ್ಕೇನು ಗೊತ್ತು, ಗಡಿ, ಗಲಾಟೆ...

ಇವರ ರಜೆ ಅರ್ಧಕ್ಕೇ ಮುಗಿಯಿತು. ತಾರು ಬಂತು, ಟ್ರಂಕು ತುಂಬಿತು, ಹೊರಟರು. ರಜೆಗೆ ಬಂದಿದ್ದ ಗಂಡಸರೆಲ್ಲ ಒಂದೇ ಬಸ್ಸಿಗೆ. ನಾವು ಹೆಂಗಸರು ಆರತಿ ತಟ್ಟೆ ಹಿಡಿದು ಸಾಲಾಗಿ ನಿಂತೆವು. ಒಬ್ಬಳೂ ಅಳಲಿಲ್ಲ. ಈ ಊರಿಗೆ ಸೊಸೆಯಾಗಿ ಬಂದವಳು ಮೊದಲು ಕಲಿಯುವುದೇ ಅದು — ಬಸ್ಸು ತಿರುವು ದಾಟುವ ತನಕ ಕಣ್ಣು ಒಣಗಿರಬೇಕು. ದಾಟಿದ ಮೇಲೆ ನಿನ್ನ ಕಣ್ಣು, ನಿನ್ನ ಸೆರಗು.

ಊಟಕ್ಕೆ ಕೂತಾಗ ಮಾವನ ಪಾಠ. ಸುಬೇದಾರರಾಗಿ ಪೆನ್ಶನ್ ಮೇಲೆ ಬಂದಿದ್ದಾರೆ, ಆದರೆ ಹುಕುಂ ಕೊಡದಿದ್ದರೆ ಅನ್ನ ಇಳಿಯುವುದಿಲ್ಲ. ಪಲ್ಟನ್ ಇಲ್ಲದಿದ್ದರೇನು, ಒಂಬತ್ತು ವರ್ಷದ ಮೊಮ್ಮಗಳಿದ್ದಾಳಲ್ಲ.

"ತೇಜಲ್, ಬಾಬಾ ಎಲ್ಲಿದ್ದಾನ?"

"ಡ್ಯೂಟಿ ಮ್ಯಾಲೆ ಅದಾರ್ರಿ ಅಜ್ಜಾ."

"ಡ್ಯೂಟಿ ಯಾವ ಊರಾಗ?"

"ಗೊತ್ತಿಲ್ರಿ."

"ನಾ ಅಂವನ್ನ ಹಡದ ಅಪ್ಪ ಅದೀನಿ. ನನಗ ಹೇಳಾಕೇನಾಗೇತಿ?"

"ಗೊತ್ತಿಲ್ರಿ."

"ಚಿಕ್ಕಿ ಕೊಡ್ತೀನಿ, ಹೇಳು."

ಸ್ವಲ್ಪ ಯೋಚನೆ ಮಾಡಿದಳು. "ಗೊತ್ತಿಲ್ರಿ. ಆದ್ರ ಚಿಕ್ಕಿ ಕೊಡ್ರಿ."

ಮಾವ ನಕ್ಕು ಕೊಟ್ಟರು. "ಬಾಯಿ ಸಡಲಾದ್ರ ಪಲ್ಟನ್ ಸಾಯ್ತೈತಿ" ಎಂದು ದಿನದ ಮಾತು ಹೇಳಿ ಎದ್ದರು.

ಹೆತ್ತವಳು ನಾನೂ ಬಿಡಲಿಲ್ಲ. ಜಡೆ ಹಾಕುತ್ತ ಕೇಳಿದೆ, "ಆಯಿಗರ ಹೇಳ ನೋಡೋಣು." ಓರೆಗಣ್ಣಲ್ಲಿ ನೋಡಿದಳು. "ಗೊತ್ತಿಲ್ಲ." "ಶಾಬಾಸ್! ಆಯಿ ಕೇಳಿದ್ರೂ ಹೇಳಬಾರದು. ಆಯಿ ಅತ್ತು ಕರದು ಕೇಳಿದ್ರೂ ಹೇಳಬಾರದು, ತಿಳೀತಿಲ್ಲೊ?" ಬೆನ್ನು ತಟ್ಟಿದೆ. ನನ್ನ ಮಗಳು. ಎಷ್ಟು ಹೆಮ್ಮೆಯಾಯಿತು.

ಜನವರಿ ೫, ಶನಿವಾರ

ಕಾಗದ ಬಂತು. ವಿಳಾಸದ ಜಾಗದಲ್ಲಿ ಫೌಜಿ ಅಂಚೆಯ ನಂಬರು ಮಾತ್ರ. ಚಳಿ ಜಾಸ್ತಿ, ಊಟ ಚೆನ್ನಾಗಿದೆ, ಎಮ್ಮೆ ಹೇಗಿದೆ, ಎಮ್ಮೆಗೆ ಹಿಂಡಿ ಹಾಕು. ನನ್ನ ಬಗ್ಗೆ ಒಂದಕ್ಷರವಿಲ್ಲ. ಎಮ್ಮೆಯನ್ನೇ ಮದುವೆಯಾಗಬೇಕಿತ್ತು.

ಪುಣೆಯಿಂದ ಪೇಪರಿನವನೊಬ್ಬ ಬಂದಿದ್ದನಂತೆ, ಫೌಜಿಗಳ ಊರಿನ ಬಗ್ಗೆ ಬರೆಯಲು. ಶಾಲೆಯ ಗೇಟಿನಲ್ಲಿ ಮಕ್ಕಳನ್ನು ನಿಲ್ಲಿಸಿ ನಿಮ್ಮಪ್ಪ ಎಲ್ಲಿ, ನಿಮ್ಮಪ್ಪ ಎಲ್ಲಿ ಎಂದು ಕೇಳಿದ. ಒಂದು ಮಗುವೂ ಬಾಯಿ ಬಿಡಲಿಲ್ಲ. ನಮ್ಮವಳು "ಮೊದಲ ನಿಮ್ಮ ಕಾರ್ಡ್ ತೋರಸ್ರಿ" ಎಂದಳಂತೆ. ಮೇಷ್ಟ್ರು ಹೇಳಿ ಹೇಳಿ ನಕ್ಕರು. ಮಾವ ಅದನ್ನು ಕಟ್ಟೆಯ ಮೇಲೆ ಕೂತವರಿಗೆಲ್ಲ ಹೇಳಿಬಂದರು, ಆಮೇಲೆ ನನಗೇ ಬಂದು ಹೇಳಿದರು.

ಜನವರಿ ೧೪, ಸಂಕ್ರಾಂತಿ

ಎಳ್ಳುಂಡೆ ಗಟ್ಟಿಯಾಯಿತು. ಮಾವನ ಹಲ್ಲಿಗೆ ಆಗಲಿಲ್ಲ. ಬಾಯಲ್ಲಿ ಹೊರಳಿಸುತ್ತಲೇ ತೇಜಲ್‌ಗೆ ಹುತಾತ್ಮರ ಕಲ್ಲು ತೋರಿಸಿ ಬಂದರು. ನಮ್ಮ ಮನೆತನದ ಎರಡು ಹೆಸರು ಅದರಲ್ಲಿವೆ.

ದಾರಿಯಲ್ಲಿ ಕೇಳಿದಳಂತೆ, "ಯುದ್ಧ ಅಂದ್ರ ಏನ್ರಿ ಅಜ್ಜಾ? ಸಿನಿಮಾದಾಗ ತೋರಸ್ತಾರಲ್ಲ, ಹಂಗ?"

"ಸಿನಿಮಾದವರಿಗೆ ಟೈಮ್ ಇಲ್ಲ ಮಗಾ. ಯುದ್ಧ ಅಂದ್ರ ಮುಕ್ಕಾಲು ಪಾಲು ಕಾಯೋದು. ಚಳಿಯಾಗ, ಹಸದು, ಸುಮ್ನ ಕಾಯೋದು. ಅದು ಬಂದಂವಾ ಸಿಪಾಯಿ."

ಹಾಗಾದರೆ ಈ ಊರಿನ ಹೆಂಗಸರೆಲ್ಲ ಸಿಪಾಯಿಗಳೇ. ನಮಗೆ ಪೆನ್ಶನ್ ಯಾವಾಗ?

ಜನವರಿ ೧೯, ಶನಿವಾರ

ಗೆಳತಿ ಶೆವಂತಾಳಿಗೆ ತಾರು ಬಂತು. ಗಡಿಯಲ್ಲಿ ನೆಲಬಾಂಬು ಹೂಳುವಾಗ ಸಿಡಿದು ಅವಳ ಗಂಡನ ಕಾಲಿಗೆ ಗಾಯ. ಆಸ್ಪತ್ರೆಯಲ್ಲಿದ್ದಾರೆ. ಇವರದೂ ಅದೇ ಕಂಪನಿ. ಇನ್ನೂ ಕೆಲವರಿಗೆ ಪೆಟ್ಟಾಗಿದೆ ಎನ್ನುತ್ತಾರೆ. ಯಾರಿಗೆ ಎಂದು ಯಾರಿಗೂ ಗೊತ್ತಿಲ್ಲ.

ಅವಳ ಪಕ್ಕ ಕೂತಿದ್ದೆ. ಅವಳನ್ನು ಸಮಾಧಾನ ಮಾಡುತ್ತಿದ್ದೆನೋ, ನನ್ನನ್ನೋ.

ಜನವರಿ ೨೧

ಇವರ ಸುದ್ದಿ ಇಲ್ಲ.

ಊರಿಗೆ ಇರುವುದು ಒಂದೇ ಫೋನು, ಕಾಲು ಕುಂಟುವ ಮಾರುತಿಯ ಅಂಗಡಿಯಲ್ಲಿ. ಬೆಳಿಗ್ಗೆ ಹೋದೆ, ಸಂಜೆ ಹೋದೆ. "ವೈನಿ, ಬಂದ್ರ ನಾನ ಓಡಿ ಬರ್ತೀನಿ, ನೀವ್ಯಾಕ ತಿರಗಾಡ್ತೀರಿ" ಎಂದ. ಅವನ ಮುಖದಲ್ಲಿ ಮರುಕ ಕಂಡಿತು. ಅದನ್ನು ನೋಡಲಾಗದೆ ಬಂದುಬಿಟ್ಟೆ.

ಜನವರಿ ೨೪, ಗುರುವಾರ

ನಿನ್ನೆ ಇಡೀ ದಿನ ಹೊಲದಲ್ಲಿದ್ದೆ. ಜೋಳದ ಕೊಯ್ಲು ಯಾರಿಗಾಗಿಯೂ ನಿಲ್ಲುವುದಿಲ್ಲ. ದೇವರೇ, ಕಾಲು ಹೋದರೂ ಹೋಗಲಿ, ಮನುಷ್ಯ ಬರಲಿ... ಛೆ. ಎಂಥ ಬೇಡಿಕೆ.

ತುತ್ತು ಇಳಿಯುತ್ತಿಲ್ಲ. ತೇಜಲ್ ತಾಟು ಮುಂದೆ ಸರಿಸಿದಳು. "ಉಣ್ಣ ಆಯಿ. ಬಾಬಾಗ ಏನೂ ಆಗಿಲ್ಲ."

"ನಿನಗ್ಹೆಂಗ ಗೊತ್ತ?"

ತಲೆ ತಗ್ಗಿಸಿದಳು. "ಗೊತ್ತಿಲ್ಲ."

ಪಾಪ, ನನಗೆ ಧೈರ್ಯ ಹೇಳುತ್ತಿದೆ ಕೂಸು. ಎಳೆದು ತಬ್ಬಿಕೊಂಡೆ. ಕಟ್ಟಿಗೆಯ ಹಾಗೆ ಬಿಗಿಯಾಗಿದ್ದಳು.

ಮಾವನೂ ರೊಟ್ಟಿ ಮುರಿದು ಮುರಿದು ಬಿಟ್ಟರು. ಪಾಠ ಇರಲಿಲ್ಲ ಇವತ್ತು.

ಜನವರಿ ೨೬

ಶಾಲೆಯಲ್ಲಿ ಝಂಡಾ ಏರಿತು. ತೇಜಲ್ ಲೇಜಿಮ್ ತಂಡದ ಮುಂದಾಳು. ಚೆನ್ನಾಗಿ ಕುಣಿದಳು, ನಗುನಗುತ್ತ. ಮನೆಗೆ ಬಂದ ಮೇಲೂ ಗುನುಗುತ್ತಿದ್ದಳು, ಅಂಗಳದಲ್ಲಿ ಕುಪ್ಪಳಿಸುತ್ತ. ನನಗೆ ಏನಾಯಿತೋ. "ನಿಮ್ಮಪ್ಪ ಇದ್ದಾರೋ ಇಲ್ಲೋ ಅಂತ ನಾ ಸಾಯಾಕತ್ತೀನಿ, ನಿನಗ ಕುಣಿತ!" ಎಂದು ಕೆನ್ನೆಗೆ ಹೊಡೆದೆ. ಜೋರಾಗಿಯೇ.

ಅಳಲಿಲ್ಲ. ಕೈ ಎರಡೂ ಬದಿಗೆ ಇಳಿಬಿಟ್ಟು ನೆಟ್ಟಗೆ ನಿಂತಳು. ತುಟಿ ಅಲುಗಿತು. ಮತ್ತೆ ಮುಚ್ಚಿಕೊಂಡಿತು. ಎಮ್ಮೆಯ ಕೊಟ್ಟಿಗೆಗೆ ಹೋಗಿ ಕೂತಳು, ಊಟಕ್ಕೂ ಬರಲಿಲ್ಲ. ಹೊಟ್ಟೆ ನೋವಂತೆ.

ಮಗುವಿನ ಮೇಲೆ ಕೈ ಮಾಡಿದೆ. ಇಷ್ಟು ದಿನ ಮಾಡಿರಲಿಲ್ಲ.

ಫೆಬ್ರವರಿ ೧, ಶುಕ್ರವಾರ

ಇದ್ದಾರೆ. ಇದ್ದಾರೆ. ಇದ್ದಾರೆ.

ಮಾರುತಿ ಕುಂಟುತ್ತ ಓಡಿಬಂದ. "ವೈನಿ! ಫೋನ್! ದತ್ತಾಜಿಂದು!" ಕೈಯಲ್ಲಿ ಹಿಟ್ಟು, ಕಾಲಲ್ಲಿ ಚಪ್ಪಲಿಯಿಲ್ಲ, ಹಾಗೇ ಓಡಿದೆ. ದನಿ ಕೇಳಿದ್ದೇ ತಡ ಅತ್ತುಬಿಟ್ಟೆ.

"ಏ ಇಂದೂ, ಯಾಕ ಅಳಾಕತ್ತಿ?"

"ಬದುಕೀರಿ ಅಂತ ಒಂದು ಮಾತು ಹೇಳಾಕ ಆಗಲಿಲ್ಲೇನ್ರಿ ನಿಮಗ?"

"ಹೇಳೀನಲ್ಲ! ಹ್ವಾದ ವಾರ ಫೋನ್ ಹಚ್ಚಿದ್ದೆ. ತೇಜೂಗ ಹೇಳೀನಿ, ನನಗೇನೂ ಆಗಿಲ್ಲ, ಬ್ಯಾರೆ ಊರಿಗೆ ಹಾಕ್ಯಾರ ಅಂತ. ಹೇಳಲಿಲ್ಲೇನು ಆಕಿ?"

ಮಾರುತಿ ತಲೆಯ ಮೇಲೆ ಕೈ ಹೊತ್ತ. ನಾನು ಹೊಲದಲ್ಲಿದ್ದ ಆ ಬುಧವಾರ ಅವನು ಸಾತಾರಾಕ್ಕೆ ಹೋಗಿದ್ದನಂತೆ. ಅಂಗಡಿಯಲ್ಲಿ ಅವನ ಮುದಿ ತಾಯಿ ಕೂತಿದ್ದಳು. ಶಾಲೆಯಿಂದ ಬರುತ್ತಿದ್ದ ತೇಜಲ್‌ಳನ್ನು ಕರೆದು ಫೋನು ಕೊಟ್ಟಿದ್ದಾಳೆ. ಮಗನಿಗೆ ಹೇಳುವುದನ್ನು ಮರೆತಿದ್ದಾಳೆ.

ಮನೆಗೆ ಬರುವಾಗ ಸಿಟ್ಟೋ ಸಂತೋಷವೋ, ಕಾಲು ನೆಲಕ್ಕೆ ತಾಗುತ್ತಿರಲಿಲ್ಲ. ತೇಜಲ್ ಅಂಗಳದಲ್ಲಿ ಮಗ್ಗಿ ಬರೆಯುತ್ತಿದ್ದಳು. ರಟ್ಟೆ ಹಿಡಿದು ಎಬ್ಬಿಸಿದೆ.

"ಬಾಬಾನ ಫೋನ್ ಬಂದಿತ್ತೇನ?"

ನೆಟ್ಟಗೆ ನಿಂತಳು. "ಗೊತ್ತಿಲ್ಲ."

"ಈಗ ಬಾಬಾನ ಹೇಳ್ಯಾರ, ಫೋನಿನ್ಯಾಗ! ಈಗರ ಬಾಯಿ ಬಿಡ!"

"ಗೊತ್ತಿಲ್ಲ." ನನ್ನನ್ನು ನೋಡಲಿಲ್ಲ, ಬಾಗಿಲಲ್ಲಿ ನಿಂತ ಅಜ್ಜನನ್ನು ನೋಡಿದಳು. ಮಾವನಿಗೆ ನನಗಿಂತ ಮೊದಲು ತಿಳಿಯಿತು. ಅಂಗಳಕ್ಕೆ ಇಳಿದು ಅವಳೆದುರು ನಿಂತು, ಕವಾಯತಿನ ದನಿಯಲ್ಲಿ ಹೇಳಿದರು:

"ತೇಜಲ್. ಡ್ಯೂಟಿ ಮುಗೀತು. ವಿಶ್ರಾಮ್!"

ಆಗ ಅವಳ ಹೆಗಲು ಇಳಿಯಿತು. ಇಷ್ಟು ದಿನದ ಅಳು ಒಟ್ಟಿಗೇ ಬಂತು.

"ಬಾಬಾ ಊರಿನ ಹೆಸರು ಹೇಳಿದ್ರು. ಯಾರ ಮುಂದೂ ಅನಬ್ಯಾಡ ಅಂದ್ರು. ಫೋನ್ ಬಂದಿತ್ತು ಅಂದ್ರ ಎಲ್ಲಿಂದ ಅಂತ ನೀ ಕೇಳ್ತಿದ್ದಿ. ನೀ ಅಳಾಕತ್ತಿದ್ದಿ... ಅತ್ತು ಕೇಳಿದ್ರೂ ಹೇಳಬಾರದು ಅಂತ ನೀನ ಹೇಳಿದ್ದಿ ಆಯಿ. ಪರೀಕ್ಷಾ ಅಂತ ತಿಳಕೊಂಡೆ."

"ಹೊಡದಾಗ? ಹೊಡದಾಗರ ಹೇಳಬಾರದಿತ್ತೇನ?"

"ಹೊಡದಾಗ ಪರೀಕ್ಷಾ ಅಲ್ಲ ಅನಸ್ತು. ಆದ್ರ ಆಗ ಹೇಳಿದ್ರ ಏಟಿಗೆ ಹೆದರಿ ಹೇಳಿದಂಗ ಆಗ್ತಿತ್ತು."

ನಾನು ಅವಳ ಪಕ್ಕ ನೆಲಕ್ಕೆ ಕೂತೆ. ಮಾವ ತಲೆಯ ಟೊಪ್ಪಿಗೆ ತೆಗೆದರು. "ಎಷ್ಟು ಜವಾನರನ್ನ ತಯಾರ ಮಾಡೀನಿ..." ಎಂದರು, ಟೊಪ್ಪಿಗೆಯಿಂದಲೇ ಕಣ್ಣೊರೆಸಿಕೊಂಡರು. ಅವರು ಅತ್ತಿದ್ದನ್ನು ನಾನು ನೋಡಿದ್ದು ಇದೇ ಮೊದಲು.

ಇಷ್ಟು ಹೆಮ್ಮೆ ನನಗೆ ಹುಟ್ಟಿದಾಗಿನಿಂದ ಆಗಿಲ್ಲ. ಇಷ್ಟು ನಾಚಿಕೆಯೂ ಆಗಿಲ್ಲ. ಬಾಯಿ ಕಟ್ಟುವುದನ್ನು ಕಲಿಸಿದೆವು, ಯಾವಾಗ ಬಿಚ್ಚಬೇಕೆಂದು ಕಲಿಸಲಿಲ್ಲ. ಒಂಬತ್ತು ವರ್ಷದ ಹೊಟ್ಟೆಯಲ್ಲಿ ಅಷ್ಟು ದೊಡ್ಡ ಗುಟ್ಟು. ನೋಯದೆ ಇನ್ನೇನು?

ಮಡಿಲಿಗೆಳೆದು ಹೇಳಿದೆ, "ಎಲ್ಲಿದ್ದಾರ ಅಂತ ನನಗೂ ಹೇಳಬ್ಯಾಡ. ಅದಾರ ಅಂತ ಮಾತ್ರ ಹೇಳಬೇಕು. ಅದು ಗುಟ್ಟಲ್ಲ, ಬಂಗಾರಾ."

"ಇದು ಅಜ್ಜನ ಹುಕುಂ ಏನು?"

"ಹೌದವ್ವಾ," ಎಂದರು ಮಾವ ಮೂಗೊರೆಸುತ್ತ. "ನಿಮ್ಮ ಆಯಿ ಈಗ ಕಮಾಂಡರ್. ನಾ ರಿಟೈರ್."

ಫೆಬ್ರವರಿ ೩, ರವಿವಾರ

ಮೂರು ರೊಟ್ಟಿ ತಿಂದಳು, ಬದನೆಕಾಯಿ ಸುಟ್ಟು ಮಾಡಿದ ಭರಿತದ ಜೊತೆ. ಹೊಟ್ಟೆ ನೋವು ಎಲ್ಲಿ ಹೋಯಿತೋ.

ಶೆವಂತಾಳ ಮನೆಗೆ ಹೋಗಿದ್ದೆವು. ಅವಳ ಗಂಡನನ್ನು ಪುಣೆಯ ಆಸ್ಪತ್ರೆಗೆ ತಂದಿದ್ದಾರೆ. ನಾಳೆ ಹೊರಟಿದ್ದಾಳೆ. ಒಂದು ಕಾಲಿಗೆ ಪಾದವೇ ಇಲ್ಲ. ಅವಳಿಗೆ ನನ್ನ ಖುಷಿ ತೋರಿಸದೆ ಕೂತಿರುವುದು ಕಷ್ಟವಾಯಿತು. "ತೋರಸ ಇಂದೂ, ನಿನ್ನ ಮುಖ ಮುಚ್ಚಿದ್ರ ನನ್ನ ಗಂಡಗ ಕಾಲು ಬರ್ತದೇನು?" ಎಂದು ಅವಳೇ ಬೈದಳು. ಎಂಥ ಹೆಂಗಸು. ದಾರಿಗೆ ರೊಟ್ಟಿ, ಶೇಂಗಾ ಚಟ್ನಿ ಕಟ್ಟಿಕೊಟ್ಟು ಬಂದೆ.

ಮಾವ ಎರಡು ದಿನ ಪಾಠ ಮಾಡಿರಲಿಲ್ಲ. ಇವತ್ತು ಊಟಕ್ಕೆ ಕೂತಾಗ ಮತ್ತೆ ಶುರು. "ತೇಜಲ್, ಬಾಬಾ ಹೆಂಗದಾನ?" "ಅರಾಮ ಅದಾರ್ರಿ." "ಎಲ್ಲಿ?" "ಗೊತ್ತಿಲ್ರಿ." ಹೊಸ ಪಾಠ. ನನ್ನ ಕಡೆ ನೋಡಿ, ಸರಿಯಾ ಎಂಬಂತೆ ಹುಬ್ಬು ಹಾರಿಸಿದರು.

ಇನ್ನೊಂದು ಮಾತು. ಮೊನ್ನೆ ಫೋನಿನಲ್ಲಿ ಇವರು ನನಗೂ ಊರಿನ ಹೆಸರು ಹೇಳಿದರು. ತೇಜಲ್‌ಳ ಶಾಲೆಯ ನಕ್ಷೆ ತೆರೆದು ಹುಡುಕಿದೆ. ಸಣ್ಣ ಚುಕ್ಕೆ. ಬೆರಳಿಟ್ಟು ಸ್ವಲ್ಪ ಹೊತ್ತು ಕೂತೆ. ಬಾಯಿಬಿಟ್ಟು ಯಾರಿಗೂ ಹೇಳುವವಳಲ್ಲ ನಾನು. ಆದರೆ ಇಲ್ಲಿ ಬರೆದರೆ ಏನಂತೆ? ನನ್ನ ವಹಿ, ನನ್ನ ಗಂಡ. ಓದುವವರು ಯಾರು? ಊರಿನ ಹೆಸರು —

ತೇಜಲ್ ಬಂದು ಪಕ್ಕದಲ್ಲಿ ನಿಂತಿದ್ದಾಳೆ. ಸೊಂಟದ ಮೇಲೆ ಕೈಯಿಟ್ಟು ನನ್ನ ಪೆನ್ನನ್ನೇ ನೋಡುತ್ತಿದ್ದಾಳೆ. ಆಯಿತು ತಾಯಿ, ಬರೆಯುವುದಿಲ್ಲ.