ಗೇಟಿನಾಚೆ ನಿಂತ ಕುಂಕುಮ

23-1-2005, ಭಾನುವಾರ, ಬೆಳಿಗ್ಗೆ 6.30

ಮಹಾಜನಗಳೇ! ಮುಂದೆ ಚಾಪೆ ಹಾಸಿ ಕುಳಿತವರೇ, ಹಿಂದೆ ಗಾಡಿಗೆ ಒರಗಿ ನಿಂತವರೇ, ಮರ ಹತ್ತಿ ಕೂತ ಪೋಲಿಗಳೇ! ಸದ್ದು! ಶಿವಸ್ವಾಮಿ ಬರೆಯುತ್ತಿದ್ದಾನೆ.

ಸಭೆಯಲ್ಲಿರುವುದು ಒಂದು ಲೋಟ ಕಾಫಿ, ಗೋಡೆಯ ಮೇಲೊಂದು ಹಲ್ಲಿ. ಸಾಕು. ನಾಟಕದಲ್ಲಿ ಇದಕ್ಕಿಂತ ಕಡಿಮೆ ಜನರ ಮುಂದೆಯೂ ಕಿರೀಟ ಇಟ್ಟುಕೊಂಡು ನಿಂತವನು ನಾನು.

ಎಂದಿನಂತೆ ಐದಕ್ಕೆ ಎದ್ದೆ. ಗುಡ್ಡದ ರಸ್ತೆಯಲ್ಲಿ ಎರಡು ಸುತ್ತು. ಈ ಗಿರಿದರ್ಶಿನಿ ಲೇಔಟಿಗೆ ಬಂದು ಆರು ತಿಂಗಳಾಯಿತು. ನಲವತ್ತು ಮನೆ, ಸುತ್ತ ಕಾಂಪೌಂಡು, ಒಂದೇ ಗೇಟು. ಇಲ್ಲೇ ನಿಲ್ಲುವುದೋ, ನಂಜನಗೂಡಿನ ಪೇಟೆ ಬೀದಿಯ ಮನೆಗೆ ವಾಪಸ್ಸೋ — ಯುಗಾದಿಯೊಳಗೆ ಹೇಳಿಬಿಡಿ ಎಂದಿದ್ದಾಳೆ ನನ್ನ ಹೆಂಡತಿ ಸಿದ್ದಲಿಂಗಮ್ಮ. ಅದಕ್ಕೇ ಈ ಡೈರಿ. ಎಡಪುಟದಲ್ಲಿ ಸುಖ, ಬಲಪುಟದಲ್ಲಿ ಕಷ್ಟ.

ಸುಖ: ಅವಳ ಉಬ್ಬಸ. ಬಾಳೆಮಂಡಿ ಪಕ್ಕದ ಆ ಧೂಳಿನಲ್ಲಿ ಇಪ್ಪತ್ತು ವರ್ಷ ದಿಂಬಿಗೆ ಒರಗಿ ಕೂತೇ ನಿದ್ದೆ ಮಾಡಿದವಳು. ಇಲ್ಲಿ ಮಲಗಿ ನಿದ್ದೆ ಮಾಡುತ್ತಾಳೆ. ಇದೊಂದೇ ಹತ್ತು ಕಷ್ಟಗಳನ್ನು ತೂಗುತ್ತದೆ.

ಕಷ್ಟ: ಕರೆಂಟು ಹೋದರೆ ಪಂಪಿಲ್ಲ, ಪಂಪಿಲ್ಲದಿದ್ದರೆ ಗುಡ್ಡದ ಮೇಲೆ ನೀರಿಲ್ಲ. ಉಪ್ಪು ಮರೆತರೆ ನಾಲ್ಕು ಕಿಲೋಮೀಟರು ಇಳಿಯಬೇಕು. ಪಕ್ಕದ ಮನೆಗೆ ಒಬ್ಬಟ್ಟು ಕೊಡಲು ಹೋದರೂ ಮೊದಲು ಫೋನು.

ಆದರೆ ಮತ್ತೆ ಸುಖ: ಸೊಸೈಟಿ ತುಂಬ ಶಾಂತಿ. ಅದು ನಾನು ತಂದದ್ದು! ಡಿಸೆಂಬರ್ ಮೀಟಿಂಗಿನಲ್ಲಿ ಎದ್ದು ನಿಂತು ಗುಡುಗಿದೆ — "ಮನೆಯವರ ಅಪ್ಪಣೆ ಇಲ್ಲದೆ ಒಂದು ಗುಬ್ಬಿಯೂ ಗೇಟು ದಾಟಕೂಡದು!" ಊದಿನಕಡ್ಡಿ ಮಾರುವವನೊಬ್ಬ ಪ್ರಾಕ್ಟೀಸಿನಲ್ಲಿ ನನ್ನ ರಾಜಸಭೆಯ ಮಾತಿನ ಮಧ್ಯೆ ಬೆಲ್ ಒತ್ತಿದ್ದ, ಅದಕ್ಕೆ. ಚಪ್ಪಾಳೆಯೋ ಚಪ್ಪಾಳೆ. ರೂಲ್ಸು ಪಾಸು.

31-1-2005, ಸೋಮವಾರ, ಸಂಜೆ

ಸಿದ್ದಲಿಂಗಮ್ಮ ಸೋಮವಾರದ ಪೂಜೆಗೆ ನಂಜನಗೂಡಿಗೆ ಹೋಗಿದ್ದಳು. ಹತ್ತರಿಂದ ಹನ್ನೆರಡು ಪ್ರಾಕ್ಟೀಸು. ಯುಗಾದಿಗೆ ಸೋಸಲೆಯಲ್ಲಿ ನಾಟಕ, ನನ್ನದು ರಾಜನ ಪಾರ್ಟು. ಗೇಟಿನಿಂದ ಮನೆಗೆ ಕರೆ ಬರುವ ಫೋನಿನ ರಿಸೀವರ್ ಎತ್ತಿ ಪಕ್ಕಕ್ಕಿಟ್ಟೆ, ಬಾಗಿಲು ಹಾಕಿದೆ, ಶುರು ಮಾಡಿದೆ. ಕಿಟಕಿ ಗಾಜು ನಡುಗಿತು. ಅರವತ್ತಕ್ಕೆ ಎರಡೇ ವರ್ಷ ಬಾಕಿ, ದನಿಗೆ ಇಪ್ಪತ್ತೈದು!

ನಾಲ್ಕಕ್ಕೆ ಗೇಟಿನಿಂದ ಟಪಾಲು ಬಂತು. ಕರೆಂಟ್ ಬಿಲ್ಲು, ಸೋಫಾ ಅಂಗಡಿಯ ಪಾಂಪ್ಲೆಟ್ಟು, ಅವುಗಳ ನಡುವೆ ಒಂದು ಲಗ್ನಪತ್ರಿಕೆ. ನನ್ನ ತಂಗಿ ಮುದ್ದಮ್ಮನ ಮಗಳು ಅರ್ಪಿತಳದು! ಫೆಬ್ರವರಿ 20ನೇ ತಾರೀಕು, ನರಸೀಪುರದ ಛತ್ರದಲ್ಲಿ. ಸೋದರಮಾವ ನಾನು. ಹುಡುಗಿಯ ಕೈ ಹಿಡಿದು ಹಸೆಗೆ ಕರೆತರಬೇಕಾದವನು.

ಸಿದ್ದಲಿಂಗಮ್ಮ ಪತ್ರಿಕೆಯನ್ನು ತಿರುಗಿಸಿ ತಿರುಗಿಸಿ ನೋಡಿದಳು. "ಯಾರ್ರೀ ತಂದ್ಕೊಟ್ರು?"

"ಪೋಸ್ಟಲ್ಲಿ ಬಂದಿರಬೇಕು."

"ಸ್ಟ್ಯಾಂಪ್ ಎಲ್ಲಿ? ಸ್ವಂತ ಅತ್ತಿಗೆ ನಾನು. ಹೊಸ್ತಿಲಲ್ಲಿ ನಿಂತು ಕುಂಕುಮ ಇಟ್ಟು ಕರೀದೆ ಇದ್ರೆ ಹೆಂಗ್ರೀ ಹೋಗದು? ಕರೆಂಟ್ ಬಿಲ್ ಜೊತೆ ಕರೆದ್ರೆ ಕರೆದಂಗಾಯ್ತಾ?"

1-2-2005, ಮಂಗಳವಾರ

ಮುದ್ದಮ್ಮನ ಊರು ಹೆಡತಲೆಗೆ ಫೋನ್ ಮಾಡಿದೆ. ಎತ್ತಿದ್ದು ತಂಗಿಯ ಗಂಡ, ಪುಟ್ಟಬಸವಯ್ಯ. ದನಿ ತಣ್ಣಗಿತ್ತು.

"ಬಂದಿದ್ದೋ ಬಾವ, ನಿಮ್ ಕ್ವಾಟೆಗೆ. ಗಂಡ ಎಂಡ್ತಿ ಇಬ್ರೂವೆ, ತಟ್ಟೆ ಇಡ್ಕಂಡು. ಎಸ್ರು ಬರ್ಸ್ಕಂಡ, ಊರ್ ಬರ್ಸ್ಕಂಡ. ಮುಕ್ಕಾಲ್ ಗಂಟೆ ಬಿಸ್ಲಲ್ಲಿ ನಿಂತ್ಕಂಡಿದ್ದೋ. ಫೋನ್ ಎತ್ತಾಕಿಲ್ಲ ಅಂದ ಗಾರ್ಡು."

"ಅಯ್ಯೋ ಭಾವ, ಕೇಳಿಸಲೇ ಇಲ್ಲವಲ್ಲ..."

"ನಿಮ್ಗೆ ಕೇಳ್ನಿಲ್ಲ. ನಮ್ಗೆ ಕೇಳ್ತಿತ್ತು! ನಿಮ್ ದನಿ ಗೇಟ್‌ಗಂಟ ಬತ್ತಿತ್ತು ಕಣ್ರೀ. 'ಅಣ್ಣ ಮನೇಲೇ ಅವ್ನೆ' ಅಂತ ಇವ್ಳು ಅಳೋಕ್ ನಿಂತ್ಲು. ಪತ್ರಿಕೆ ಗಾರ್ಡ್ ಕೈಗ್ ಕೊಟ್ಟೋ, ಕರಿಯೋದ್ ಕರ್ದಿದೀವಿ. ಮಾವನ್ ಜಾಗಕ್ಕೆ ನಮ್ ಕಡೆಯೋರು ಯಾರಾರ ನಿಂತ್ಕತಾರೆ, ಬುಡಿ."

ಕಟ್ ಮಾಡಿದರು.

ಕೆಂಡವಾದೆ. ಆ ಗಾರ್ಡು ಚೆಲುವಯ್ಯನ ಮೇಲೆ ಅಸೋಸಿಯೇಷನ್ನಿಗೆ ಎರಡು ಪುಟ ಕಂಪ್ಲೇಂಟು ಬರೆದೆ. ಗಂಭೀರ ಶೈಲಿ. ಕರ್ತವ್ಯಭ್ರಷ್ಟ ಎಂಬ ಪದಕ್ಕೆ ಎರಡು ಗೆರೆ ಎಳೆದೆ. ಕೊಟ್ಟು ಬಂದೆ. ನಿರಾಳ.

2-2-2005, ಬುಧವಾರ, ಬೆಳಿಗ್ಗೆ 11

ಗೇಟಿಗೆ ಇಳಿದೆ, ಮುಖದ ಮೇಲೇ ಎರಡು ಮಾತು ಹೇಳೋಣವೆಂದು.

ಚೆಲುವಯ್ಯ ಎದ್ದು ನಿಂತ. ಕೆಳಗಿನ ಊರಿನವನು, ಐವತ್ತರ ಮೇಲಾಗಿದೆ. "ನಾಕ್ ಸಲ ಒತ್ತಿದೆ ಸಾ. ಎಂಗೇಜು, ಎಂಗೇಜು. ಓಗಿ ಕೂಗ್ಬಿಡಾನ ಅಂದ್ರೆ ಗೇಟ್ ಬುಟ್ ಓಗಂಗಿಲ್ಲ. ಒಳೀಕೆ ಬುಡಾನ ಅಂದ್ರೆ ತಮ್ದೇ ರೂಲ್ಸು. ಕುರ್ಚಿ ಕೊಟ್ಟೆ ಸಾ, ನೀರ್ ಕೊಟ್ಟೆ. ಆ ಅಮ್ಮ ಕೂರ್ನಿಲ್ಲ."

ರಿಜಿಸ್ಟರ್ ತೆಗೆದು ತೋರಿಸಿದ. 31ನೇ ತಾರೀಕು. ಬಂದ ವೇಳೆ 10.40. ಹೋದ ವೇಳೆ 11.25. 'ಯಾರನ್ನು ಕಾಣಲು' ಎಂಬ ಕಡೆ ಎಲ್ಲರೂ ಮನೆ ನಂಬರು ಬರೆಯುತ್ತಾರೆ. ಅಲ್ಲಿ ಮುದ್ದಮ್ಮನ ಗುಂಡು ಗುಂಡು ಅಕ್ಷರ —

ನಮ್ಮ ಅಣ್ಣ.

10.40. ರಿಸೀವರ್ ಪಕ್ಕಕ್ಕಿಟ್ಟದ್ದು ಹತ್ತಕ್ಕೆ.

ರಿಜಿಸ್ಟರ್ ಮುಚ್ಚಿ ಅವನ ಕೈಗಿಟ್ಟು ಹತ್ತಿ ಬಂದೆ.

9-2-2005, ಬುಧವಾರ

ಏಳು ದಿನ ಬರೆದಿಲ್ಲ. ಪ್ರಾಕ್ಟೀಸೂ ಇಲ್ಲ. ಕಂಪ್ಲೇಂಟು ವಾಪಸ್ ತೆಗೆಯಬೇಕು. ನಾಳೆ, ನಾಳೆ ಎನ್ನುತ್ತಾ...

ಸಿದ್ದಲಿಂಗಮ್ಮ ಗಾರ್ಡಿನ ಹತ್ತಿರ ಮಾತು ಬಿಟ್ಟಿದ್ದಾಳೆ. ಇವತ್ತು ಅವನು ನಮಸ್ಕಾರ ಮಾಡಿದರೆ ಮುಖ ತಿರುಗಿಸಿದಳು. ನಾನು ಪಕ್ಕದಲ್ಲೇ ಇದ್ದೆ. ಸಾವಿರ ಜನರ ಮುಂದೆ ನಡುಗದ ನಾಲಿಗೆ ಮೇಲೇಳಲಿಲ್ಲ.

13-2-2005, ಭಾನುವಾರ, ಮಧ್ಯಾಹ್ನ

ನಾಲಿಗೆ ಎದ್ದಿತು!

ಕ್ಲಬ್‌ಹೌಸಿನಲ್ಲಿ ಮೀಟಿಂಗು. ಪ್ರೆಸಿಡೆಂಟ್ ಬಸವೇಶ್ ನನ್ನ ಕಂಪ್ಲೇಂಟು ಓದಿದರು. ಅವರ ಬಾಯಲ್ಲಿ ನನ್ನ ಗಂಭೀರ ಶೈಲಿ ಹಾಳು ಸುರಿಯಿತು. "ಚೆಲುವಯ್ಯನ್ನ ಈ ತಿಂಗಳಿಗೇ ತೆಗೆಯೋಣ" ಎಂದರು. ಅವನು ಬಾಗಿಲ ಬಳಿ ಟೋಪಿ ಕೈಲಿ ಹಿಡಿದು ನಿಂತಿದ್ದ. ಹೆಂಗಸರ ಸಾಲಿನಲ್ಲಿ ಸಿದ್ದಲಿಂಗಮ್ಮ.

ಎದ್ದೆ. ದನಿ ಎತ್ತಲಿಲ್ಲ. ಐವತ್ತೆಂಟು ವರ್ಷದಲ್ಲಿ ಮೊದಲ ಸಲ.

"ಅವನದೇನೂ ತಪ್ಪಿಲ್ಲ. ರೂಲ್ಸು ಮಾಡಿದವನು ನಾನು. ಅವತ್ತು ಫೋನ್ ಎತ್ತಿ ಪಕ್ಕಕ್ಕಿಟ್ಟವನೂ ನಾನು. ತಟ್ಟೆ ಹಿಡಿದು ನಿಂತವಳು ನನ್ನ ತಂಗಿ. ಆ ಕಾಗದ ಹರಿದುಹಾಕಿ."

ಆಮೇಲೆ ಹಿಂದಿನ ಸಾಲಿನಿಂದ ಒಬ್ಬರು, ಮೆಲ್ಲಗೆ — "ನಮ್ಮ ಅತ್ತೆಯವರೂ ಹಿಂಗೇ ವಾಪಸ್ ಹೋದ್ರು, ಸಂಕ್ರಾಂತೀಲಿ." ಇನ್ನೊಬ್ಬರು, "ರೂಲ್ಸ್ ತೆಗೆದ್ರೆ ಕಳ್ರು ಬರ್ತಾರೆ." ಗಲಾಟೆ. ಕೊನೆಗೆ ಇಷ್ಟು: ಫೋನ್ ಎತ್ತದಿದ್ದರೆ ಗಾರ್ಡು ಗೇಟು ಹಾಕಿಕೊಂಡು ಮನೆಗೇ ಬಂದು ಕರೆಯಬೇಕು. ನೆಂಟರನ್ನು ಬಿಸಿಲಲ್ಲಿ ನಿಲ್ಲಿಸಕೂಡದು. ಚೆಲುವಯ್ಯನ ಕೆಲಸ ಉಳಿಯಿತು.

ಮನೆ ಹತ್ತಿರ ಬಂದ ಮೇಲೆ ಸಿದ್ದಲಿಂಗಮ್ಮ — "ನೀವು ಆ ಕಿರೀಟ ಇಟ್ಕಂಡು ಎಷ್ಟ್ ನಾಟ್ಕ ಆಡಿದೀರಾ. ಇವತ್ತಿಂದು ಚೆನ್ನಾಗಿತ್ತು." ಒಂದು ಹೆಜ್ಜೆ ಬಿಟ್ಟು, "ಇನ್ನೊಂದ್ಸಲ ನನ್ನ ಕೈಲಿ ಬಡಪಾಯಿಗೆ ಮುಖ ತಿರುಗಿಸೋ ಹಂಗೆ ಮಾಡ್ಬೇಡಿ."

17-2-2005, ಗುರುವಾರ, ಸಂಜೆ 5

ಹೆಡತಲೆಗೆ ಹೋಗಿದ್ದೆ, ಒಬ್ಬನೇ. ಕರೆಯದೆ ಸಿದ್ದಲಿಂಗಮ್ಮ ಬರುವಂತಿಲ್ಲ.

ಚಪ್ಪರ ಹಾಕುತ್ತಿದ್ದರು. ಪುಟ್ಟಬಸವಯ್ಯ ಏಣಿಯ ಮೇಲಿಂದ ಇಳಿಯಲಿಲ್ಲ. "ಎಸ್ರು ಬರ್ದ್ರಾ ಬಾವ? ಕೆಳ್ಗೆ ರಿಜಿಸ್ಟರ್ ಇಟ್ಟಿವ್ನಿ." ಸುತ್ತಲಿದ್ದವರು ನಕ್ಕರು. ನಾನೂ ನಕ್ಕೆ. ಸಲ್ಲಬೇಕಾದದ್ದೇ.

ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಯಾರ ಮೇಲೂ ಹಾಕಲಿಲ್ಲ. ಏಣಿಯ ಮೇಲೆ ಸುತ್ತಿಗೆ ನಿಂತಿತು. ಮುದ್ದಮ್ಮ ಒಳಗಿಂದ ಬಂದು ಕಂಬ ಹಿಡಿದು ನಿಂತಳು. ಕಣ್ಣು ಕೆಂಪಗಿತ್ತು, ಮಾತು ಮಾತ್ರ ಖಾರ.

"ಚಿಕ್ಕೋಳಿದ್ದಾಗ್ಲೂ ಇಂಗೇ. ನೀನು ರಾಜ, ನಾನು ಬಾಗ್ಲಲ್ಲಿ ನಿಂತ್ಕಳಾ ಸೇವಕಿ. ಇನ್ನೂ ಎಷ್ಟ್ ದಿನ ನಿಂತ್ಕಳನ ಕಣಣ್ಣ?"

ಅವಳು ಹಿಡಿದ ಕಂಬದ ಬಳಿ ಹೋಗಿ ನಿಂತೆ.

"ತಟ್ಟೆ ತಿರುಗ್ ಬಂದದೆ. ಅಂಗೇ ಬುಟ್ರೆ ಹುಡ್ಗೀಗ್ ಒಳ್ಳೇದಲ್ಲ," ಎಂದು ಗಂಡನತ್ತ ನೋಡಿದಳು. ಪುಟ್ಟಬಸವಯ್ಯ ತಲೆ ಎತ್ತದೆ, "ಅತ್ತೂ ನಲವತ್ಗೆ ವೋಗಿದ್ದೋ. ನಾಳೀಕೂ ಅತ್ತೂ ನಲವತ್ಗೇ ಬತ್ತೀವಿ. ಒಂದ್ ನಿಮ್ಸ ಕಾಯಾಕಿಲ್ಲ. ಸೈನೂ ಆಕಾಕಿಲ್ಲ," ಎಂದರು.

ಮನೆಗೆ ಬಂದು ಹೇಳಿದ ತಕ್ಷಣ ಸಿದ್ದಲಿಂಗಮ್ಮ ಅರಿಶಿನ ಕಲಸಲು ಬಟ್ಟಲು ತೆಗೆದಳು. "ಮನೆ ಹೊಸ್ತಿಲಿಗೊಂದೇ ಅಲ್ಲ, ಗೇಟ್ ಕೆಳಗಿನ ಕಬ್ಬಿಣದ ಪಟ್ಟಿಗೂ ಬಳೀತೀನಿ. ಅವ್ರು ಮೊದಲು ತುಳಿಯೋದು ಅದನ್ನೇ ಅಲ್ವಾ?" ಉಬ್ಬಸವಿಲ್ಲದೆ ಒಂದೇ ಉಸಿರಿಗೆ ಇಷ್ಟೂ ಮಾತು. ಎಡಪುಟಕ್ಕೆ ಬರೆದುಕೊಂಡೆ. ಇಲ್ಲೇ ಇರುತ್ತೇವೆ. ಇಲ್ಲಿದ್ದೇ ಈ ಗೇಟನ್ನು ಪಳಗಿಸುತ್ತೇವೆ.

ರಿಸೀವರ್ ಅದರ ಜಾಗದಲ್ಲಿದೆ. ಎರಡು ಸಲ ನೋಡಿದೆ.

ಮಹಾಜನಗಳೇ, ಕೇಳಿ! ನಾಳೆ ಬೆಳಿಗ್ಗೆ ಆರಕ್ಕೇ ಇಳಿದು ಹೋಗಿ ಚೆಲುವಯ್ಯನ ಕುರ್ಚಿಯ ಪಕ್ಕ ನಿಲ್ಲುತ್ತೇನೆ. ಕೂರುವುದಿಲ್ಲ. ರಿಜಿಸ್ಟರಿನಲ್ಲಿ ಮೊದಲ ಹೆಸರು ನನ್ನದೇ ಬರೆಯುತ್ತೇನೆ. ಯಾರನ್ನು ಕಾಣಲು — ನನ್ನ ತಂಗಿ. ಹತ್ತೂ ಮೂವತ್ತೊಂಬತ್ತಕ್ಕೆ ಗೇಟಿನ ಅಡ್ಡಕಂಬಿಯನ್ನು ನನ್ನ ಕೈಯಿಂದಲೇ ತೆಗೆಯುತ್ತೇನೆ!